ಬೀದರಿನ ಕೆಂಪುಕಲ್ಲಿನಿಂದ ಯಾದಗಿರಿಯ ಬಂಡೆಯವರೆಗೆ

ನಮ್ಮ ಕಡೆ ಜ್ವಾಲಾಮುಖಿ ಎಲ್ಲಿದೆ ಅಂತ ಕೇಳಿದರೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಹೊಗೆ ಉಗುಳುವ ಬೆಟ್ಟ ಇಲ್ಲಿ ಒಂದೂ ಇಲ್ಲ. ಆದರೆ ಬೀದರಿನಿಂದ ಕಲಬುರಗಿವರೆಗಿನ ಎರೆಮಣ್ಣು, ಗುಡ್ಡದ ಅಂಚಿನ ಕರಿಕಲ್ಲು, ಹೊಲದ ಬದುವಿಗೆ ಪೇರಿಸಿಟ್ಟ ಗುಂಡುಗಳು, ಇವೆಲ್ಲ ಒಂದು ಕಾಲಕ್ಕೆ ಕುದಿಯುತ್ತಾ ಹರಿದ ಲಾವಾ. ಭೂಕಂಪದ ವಿಷಯ ಮಾತ್ರ ಹೇಳಬೇಕಾಗಿಯೇ ಇಲ್ಲ. 1993ನ್ನು ಕಂಡವರು ಪ್ರತಿ ಓಣಿಯಲ್ಲೂ ಇದ್ದಾರೆ.

ಅಕ್ಕನ ಮಗ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಎಳ್ಳಮಾವಾಸ್ಯೆಗೆ ಊರಿಗೆ ಬಂದವನು ಸುಮ್ನೆ ಕೂರಲಿಲ್ಲ. "ಮಾಮಾ, ಬೀದರದಿಂದ ಯಾದಗಿರಿತನಕ ಹೋಗಿ ಬರೋಣ್ರಿ. ಮ್ಯಾಲಿಂದ ಕೆಳಗ ಇಳದಂಗ ಆಗ್ತದ" ಎಂದ. ಅವನ ಮಾತಿನ ಅರ್ಥ ಇಷ್ಟು: ಬೀದರಿನ ಕೆಂಪುಕಲ್ಲು ಎಲ್ಲಕ್ಕಿಂತ ಮೇಲಿನದು. ಅದರ ಕೆಳಗೆ ಕರಿಕಲ್ಲು. ಅದರ ಕೆಳಗೆ ಶಹಾಬಾದಿನ ಪರಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣಕಲ್ಲು. ಎಲ್ಲದರ ಬುಡಕ್ಕೆ ಯಾದಗಿರಿಯ ಬಂಡೆ. ಮನೆಯ ಮಾಳಿಗೆಯಿಂದ ಒಂದೊಂದೇ ಅಂತಸ್ತು ಇಳಿದು ತಳಪಾಯ ಮುಟ್ಟಿದ ಹಾಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಭೂಮಿಯ ಹೊರಪದರದ ಪಾಠ ಮಾಡುವಾಗ ಜಪಾನ್, ಹವಾಯಿ ಎಂದೆಲ್ಲ ಉದಾಹರಣೆ ಕೊಡುತ್ತೇನೆ. ನಮ್ಮ ನೆಲದ ಉದಾಹರಣೆ ಕಣ್ಣಾರೆ ನೋಡುವ ಆಸೆ ಬಹಳ ಇತ್ತು. ಕಾರಿಗೆ ಪೆಟ್ರೋಲ್ ಹಾಕಿಸಿ ಹೊರಟೇಬಿಟ್ಟೆವು.

ಮೊದಲ ದಿನ: ಬೀದರ್

ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುತ್ತಾ ರಸ್ತೆ ಏರುತ್ತಲೇ ಇರುತ್ತದೆ. ಎರೆಮಣ್ಣಿನ ಬಯಲು ಹಿಂದೆ ಉಳಿಯಿತು. ಬೀದರ್ ಹತ್ತಿರವಾದಂತೆ ಮಣ್ಣಿನ ಬಣ್ಣವೇ ಬದಲಾಯಿತು. ರಸ್ತೆ ಬದಿ, ಬಾವಿಯ ಗೋಡೆ, ಹಳೆಯ ಮನೆಗಳ ಪೌಳಿ, ಎಲ್ಲ ಕೆಂಪು. ಊರು ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರಿನ ಗಾಳಿಯಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ಮೊದಲು ಕೋಟೆಗೆ ಹೋದೆವು. ಅಳಿಯ ಸುತ್ತಿಗೆಯನ್ನು ಕಾರಿನಲ್ಲೇ ಬಿಟ್ಟು ಬಂದ. ಇಲ್ಲಿ ಕಲ್ಲು ಒಡೆಯುವಂತಿಲ್ಲ, ಒಡೆಯಲೂಬಾರದು. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಕೋಟೆಯ ಸುತ್ತಲಿನ ಕಂದಕವನ್ನು ಎಲ್ಲರೂ ಸೇತುವೆಯ ಮೇಲೆ ನಿಂತು ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನಾವು ಅಲ್ಲೇ ತುಂಬ ಹೊತ್ತು ನಿಂತೆವು. ಒಂದರ ಪಕ್ಕ ಒಂದರಂತೆ ಮೂರು ಕಾಲುವೆ. ನಡುವಿನ ಗೋಡೆಗಳನ್ನು ಕಟ್ಟಿದ್ದಲ್ಲ. ನೆಲದ ಕಲ್ಲನ್ನೇ ಕೊರೆದು, ಗೋಡೆಯಷ್ಟು ಭಾಗವನ್ನು ಹಾಗೇ ಬಿಟ್ಟಿದ್ದಾರೆ. ಇಷ್ಟು ಕಲ್ಲು ಕೊರೆಯಲು ಸಾಧ್ಯವಾದದ್ದು ಅದು ಜಂಬಿಟ್ಟಿಗೆ ಆಗಿದ್ದರಿಂದ. ನೆಲದೊಳಗೆ ಹಸಿಯಾಗಿದ್ದಾಗ ಅದು ಮೆತ್ತಗಿರುತ್ತದೆ. ಹೊರಗೆ ಗಾಳಿ ಬಿಸಿಲಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ.

ಕಂದಕದ ಅಂಚಿನ ಕಲ್ಲಿಗೆ ಮುಖ ಹತ್ತಿರ ತಂದು ನೋಡಿದೆ. ತುಂಬ ತೂತುಗಳು. ಕೆಲವು ಬೆರಳು ಹೋಗುವಷ್ಟು ದೊಡ್ಡವು. ಒಳಗೆ ಹಳದಿ ಮಣ್ಣು, ಸುತ್ತ ಕಂದು ಬಣ್ಣದ ಗಟ್ಟಿ ಅಂಚು. ಉಗುರಿನಿಂದ ಕೆರೆದರೆ ಹಳದಿ ಉದುರುತ್ತದೆ, ಕಂದು ಜಗ್ಗುವುದಿಲ್ಲ. ಆ ಕಂದು ಕಬ್ಬಿಣದ್ದು. ಇದು ಕೂಡ ಒಂದು ಕಾಲಕ್ಕೆ ಕರಿಕಲ್ಲೇ ಆಗಿತ್ತು. ಲಾವಾ ಹರಿಯುವುದು ನಿಂತ ಮೇಲೆ ಲಕ್ಷ ಲಕ್ಷ ಮಳೆಗಾಲಗಳು ಅದನ್ನು ತೊಳೆದವು. ಕರಗುವುದೆಲ್ಲ ಕರಗಿ ಹೋಯಿತು. ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ ಇರುವ ಈ ಕೆಂಪು ಪದರ ಉಳಿಯಿತು. ಜ್ವಾಲಾಮುಖಿ ನೆಲವನ್ನು ಕಟ್ಟುತ್ತದೆ, ಮಳೆ ಅದನ್ನು ಬೇರೆಯೇ ಕಲ್ಲು ಮಾಡುತ್ತದೆ. ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯ. ಇಲ್ಲಿ ಒಂದೇ ಗೋಡೆಯಲ್ಲಿ ಕಾಣುತ್ತವೆ.

ಮಧ್ಯಾಹ್ನ ನೌಬಾದಿನ ಸುರಂಗಬಾವಿ ನೋಡಲು ಹೋದೆವು. ಪರ್ಷಿಯಾದ ಕಡೆಯ ವಿದ್ಯೆ ಅದು, ಕರೇಜ್. ನೆಲದಡಿ ಉದ್ದಕ್ಕೆ ಸುರಂಗ, ಅದರೊಳಗೆ ಗಾಳಿ ಬೆಳಕು ಬರಲೆಂದು ಅಲ್ಲಲ್ಲಿ ಬಾವಿಯಂಥ ಇಳಿಗಂಡಿ. ಜಂಬಿಟ್ಟಿಗೆಯ ತೂತುಗಳಲ್ಲಿ ಮಳೆನೀರು ಸರಸರ ಇಳಿಯುತ್ತದೆ. ಕೆಳಗಿನ ಜೇಡಿ ಮತ್ತು ಕರಿಕಲ್ಲಿಗೆ ಬಂದು ನಿಲ್ಲುತ್ತದೆ. ಮುಂದೆ ಇಳಿಯಲು ದಾರಿ ಇಲ್ಲದೆ ಅಡ್ಡಕ್ಕೆ ಹರಿಯುತ್ತದೆ. ಆ ಅಡ್ಡ ಹರಿವನ್ನು ಹಿಡಿದವರು ಬಹಮನಿ ಕಾಲದ ಕೆಲಸಗಾರರು. ಗುರುನಾನಕ್ ಝೀರಾದ ತಂಪು ನೀರು, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದವರೆಗೆ ನಿಲ್ಲುವ ನೀರು, ಇವಕ್ಕೂ ಇದೇ ಕಲ್ಲು ಕಾರಣ. ಭಕ್ತರು ನರಸಿಂಹನ ಹೆಸರು ಹೇಳುತ್ತಾ ಆ ನೀರಿನಲ್ಲಿ ನಡೆದು ಹೋಗುತ್ತಾರೆ. ಎರಡು ಕಾಲದ ಎರಡು ಕಲ್ಲು ಕೂಡುವ ಗೆರೆಯ ಮೇಲೆ ಒಂದು ಊರು ಇಷ್ಟು ವರ್ಷ ಬದುಕಿದೆ ಅಂದರೆ ಅದು ಸಣ್ಣ ಮಾತಲ್ಲ.

ಸಂಜೆ ಮತ್ತೆ ಕೋಟೆಯ ಅಂಚಿಗೆ ಬಂದೆವು. ಅಲ್ಲಿಂದ ನೆಲ ಒಮ್ಮೆಲೇ ಕೆಳಗಿಳಿದು ಮಾಂಜ್ರಾ ನದಿಯ ಕಡೆ ಹರಡುತ್ತದೆ. ನಿಂತಲ್ಲಿ ಕೆಂಪು, ಕೆಳಗೆ ಕಪ್ಪು. ಈ ಕೆಂಪು ಹೊದಿಕೆ ಒಂದು ಕಾಲಕ್ಕೆ ಇನ್ನೂ ದೂರದವರೆಗೆ ಇತ್ತು. ನದಿ ಹಳ್ಳಗಳು ಅಂಚಿನಿಂದ ಕಡಿಯುತ್ತಾ ಬಂದವು. ಈಗಲೂ ಕಡಿಯುತ್ತಿವೆ.

ಎರಡನೆಯ ದಿನ: ಹೈವೇ ಪಕ್ಕದ ಕ್ವಾರಿ, ಕಿಲ್ಲಾರಿ

ಬೆಳಿಗ್ಗೆ ಸುಸಲಾ, ಮಿರ್ಚಿ ತಿಂದು ಹುಮನಾಬಾದಿಗೆ ಇಳಿದು ಮುಂಬೈ ಹೆದ್ದಾರಿ ಹಿಡಿದೆವು. ಬಸವಕಲ್ಯಾಣದ ಕ್ರಾಸ್ ಹತ್ತಿರ ಕೆಲಸ ನಿಂತ ಒಂದು ಕಲ್ಲಿನ ಕ್ವಾರಿ. ಕಾವಲಿನವರನ್ನು ಕೇಳಿ ಒಳಗೆ ಹೋದೆವು.

ಕ್ವಾರಿಯ ಗೋಡೆಯಲ್ಲಿ ಲಾವಾ ಒಂದೇ ಸಲ ಬಂದಿದ್ದಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. ಪ್ರತಿ ಪದರದ ತಳ ಗಟ್ಟಿ, ಒತ್ತಾದ ಕರಿಕಲ್ಲು. ಮೇಲ್ಭಾಗದಲ್ಲಿ ತೂತುಗಳು. ಬಿಸಿ ಲಾವಾದೊಳಗಿನ ಅನಿಲ ಮೇಲೆ ಬಂದು ಹೊರಹೋಗುವ ಮೊದಲೇ ಕಲ್ಲು ಹೆಪ್ಪುಗಟ್ಟಿದ ಗುರುತು ಅದು. ಒಂದು ತುಂಡು ಕೈಗೆ ತೆಗೆದುಕೊಂಡೆ. ತೂತುಗಳ ಒಳಗೆ ಬಿಳಿ ಹರಳು ಬೆಳೆದಿತ್ತು. ಲೆನ್ಸ್ ಹಿಡಿದು ನೋಡಿದರೆ ಸೂಜಿಗಳು ನಡುವಿನಿಂದ ಸುತ್ತಲೂ ಹರಡಿವೆ. ಜಿಯೊಲೈಟ್ ಅಂತ ಅಳಿಯ ಹೇಳಿದ. ಲಾವಾ ಆರಿದ ಮೇಲೆ ಅದರ ಸಂದಿಗಳಲ್ಲಿ ಹರಿದ ನೀರು ನಿಧಾನಕ್ಕೆ ಬಿಟ್ಟುಹೋದದ್ದು. ಎರಡು ಪದರಗಳ ನಡುವೆ ಇಟ್ಟಿಗೆ ಬಣ್ಣದ ತೆಳು ಮಣ್ಣು ಇತ್ತು. ಒಂದು ಲಾವಾ ಬಂದು ಆರಿ, ಅದರ ಮೇಲೆ ಮಣ್ಣಾಗಿ, ಆಮೇಲೆ ಇನ್ನೊಂದು ಲಾವಾ ಬಂದು ಆ ಮಣ್ಣನ್ನು ಮುಚ್ಚಿದೆ.

ಇದೆಲ್ಲ ನಡೆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಗ ಭಾರತ ಇದ್ದದ್ದು ಇಲ್ಲಲ್ಲ. ಹಿಂದೂ ಮಹಾಸಾಗರದಲ್ಲಿ ಈಗ ರಿಯೂನಿಯನ್ ದ್ವೀಪ ಇರುವ ಕಡೆ ನಮ್ಮ ನೆಲ ಬಡಗಣಕ್ಕೆ ತೇಲಿ ಹೋಗುತ್ತಿತ್ತು. ಕೆಳಗಿನಿಂದ ವಿಪರೀತ ಬಿಸಿ ಮೇಲೆದ್ದು ಬಂತು. ಬೆಟ್ಟದ ತುದಿಯಿಂದ ಉಕ್ಕಿದ್ದಲ್ಲ ಇದು. ಪಶ್ಚಿಮದ ಕಡೆ ನೆಲವೇ ಉದ್ದುದ್ದಕ್ಕೆ ಸೀಳಿ, ಆ ಸೀಳುಗಳಿಂದ ಲಾವಾ ಹೊರಬಂದು ನೂರಾರು ಕಿಲೋಮೀಟರ್ ಹರಿಯಿತು. ಅದರಲ್ಲಿ ಬಹುಪಾಲು ಸುಮಾರು ಹತ್ತು ಲಕ್ಷ ವರ್ಷಗಳೊಳಗೆ ಮುಗಿಯಿತು. ಇಂದಿಗೂ ದಖನ್ ಲಾವಾ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಮಹಾಬಲೇಶ್ವರದ ಕಡೆ ಅದರ ದಪ್ಪ ಒಂದೂವರೆ ಎರಡು ಕಿಲೋಮೀಟರಿಗೆ ಹೋಗುತ್ತದೆ. ನಮ್ಮ ಕಡೆ ಬರುತ್ತಾ ತೆಳುವಾಗಿ, ಕಲಬುರಗಿಯ ದಕ್ಷಿಣಕ್ಕೆ ಮುಗಿದೇ ಹೋಗುತ್ತದೆ. ಆ ಬಿಸಿಯ ಮೂಲ ಮಾತ್ರ ಆರಿಲ್ಲ. ರಿಯೂನಿಯನ್ ದ್ವೀಪದ ಜ್ವಾಲಾಮುಖಿ ಈಗಲೂ ಆಗಾಗ ಉಕ್ಕುತ್ತದೆ. ನಾವು ಅದರಿಂದ ದೂರ ಬಂದಿದ್ದೇವೆ, ಅಷ್ಟೇ.

ಉಮರ್ಗಾ ದಾಟಿ ಕಿಲ್ಲಾರಿ ಮುಟ್ಟುವಾಗ ಮಧ್ಯಾಹ್ನ. ಊರು ಮಹಾರಾಷ್ಟ್ರದ್ದು, ಆದರೆ ಆ ರಾತ್ರಿಯ ನೋವು ಗಡಿಯ ಎರಡೂ ಕಡೆಯದು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಹಿಂದಿನ ರಾತ್ರಿಯಷ್ಟೇ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ನಾನಾಗ ಆಳಂದ ತಾಲೂಕಿನ ನಮ್ಮೂರಲ್ಲಿ ಶಾಲೆಗೆ ಹೋಗುವ ಹುಡುಗ. ಹಲಗೆ ಮೇಲಿನ ಬಾಂಡೆಗಳು ಒಟ್ಟಿಗೆ ಬಿದ್ದ ಸಪ್ಪಳ, ಅಪ್ಪ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದದ್ದು, ದನಗಳು ಹಗ್ಗ ಜಗ್ಗುತ್ತಿದ್ದದ್ದು, ಯಾವುದೂ ಮರೆತಿಲ್ಲ. ಬೆಳಗಾಗುವವರೆಗೆ ಓಣಿಯವರೆಲ್ಲ ಹೊರಗೇ ಕೂತೆವು. ನಮ್ಮೂರಿಗೆ ಏನೂ ಆಗಲಿಲ್ಲ. ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹತ್ತು ಸಾವಿರದ ಹತ್ತಿರ ಜನ ತೀರಿಕೊಂಡಿದ್ದರು.

ಹಳೇ ಕಿಲ್ಲಾರಿಯಲ್ಲಿ ಈಗ ಜನವಸತಿ ಇಲ್ಲ. ಮುಳ್ಳುಗಿಡ, ಕುಸಿದ ಗೋಡೆಯ ಕಲ್ಲು, ಸತ್ತವರ ನೆನಪಿನ ಸ್ತಂಭ. ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಕಡೆ ಕಟ್ಟಿಕೊಟ್ಟರು. ಒಂದು ಬಿದ್ದ ಗೋಡೆಯ ಪಕ್ಕ ನಿಂತು ಅಳಿಯ ತೋರಿಸಿದ. ಗೋಡೆ ಎರಡು ಮೊಳಕ್ಕೂ ದಪ್ಪ ಇದೆ. ನೋಡಲು ಭದ್ರ. ಆದರೆ ಒಳಗಿನ ಮುಖಕ್ಕೆ ಒಂದು ಸಾಲು ಕಲ್ಲು, ಹೊರಗಿನ ಮುಖಕ್ಕೆ ಇನ್ನೊಂದು ಸಾಲು, ನಡುವೆ ಮಣ್ಣು ಚೂರುಕಲ್ಲು. ಎರಡೂ ಮುಖ ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಒಂದೂ ಇಲ್ಲ. ನೆಲ ಅಲುಗಿದಾಗ ಎರಡು ಸಾಲೂ ಬೇರೆ ಬೇರೆ ಕಡೆ ಬಿದ್ದವು. ಮೇಲೆ ಮಣ್ಣಿನ ಮಾಳಿಗೆ. ಪ್ರತಿ ಮಳೆಗಾಲದ ಮೊದಲು ಸೋರಬಾರದೆಂದು ಇನ್ನಷ್ಟು ಮಣ್ಣು ಹಾಕಿ ಹಾಕಿ ಭಾರವಾದದ್ದು. ನಮ್ಮ ಜಿಲ್ಲೆಗಳ ಹಳೇ ಮನೆಗಳೂ ಹೀಗೇ ಇವೆ, ಅಲ್ವಾ? ಅದನ್ನು ನೋಡುತ್ತಾ ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅಂದಿನ ಕಂಪನದ ತೀವ್ರತೆ 6.2. ಅದಕ್ಕೂ ಮೊದಲು ಸರ್ಕಾರದ ನಕ್ಷೆಯಲ್ಲಿ ಈ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ಬದಲಾಯಿತು. ಒಂದನೇ ವಲಯ ಅನ್ನುವುದನ್ನೇ ತೆಗೆದರು, ಲಾತೂರ್ ಭಾಗ ಮೂರನೇ ವಲಯಕ್ಕೆ ಬಂತು.

ಕಾರಣ ಹುಡುಕಲು ವಿಜ್ಞಾನಿಗಳು ಇಲ್ಲಿ ಬೋರು ಕೊರೆದರು. ಒಂದು ಬೋರು 617 ಮೀಟರ್ ಆಳ ಹೋಯಿತು. ಅದರಲ್ಲಿ ಕರಿಕಲ್ಲು ಸಿಕ್ಕಿದ್ದು 338 ಮೀಟರ್ ಮಾತ್ರ. ಕೆಳಗೆ ಕೆಲವೇ ಮೀಟರ್ ಹಳೆಯ ಕೆಸರು, ಅದರ ಕೆಳಗೆ ಗ್ರಾನೈಟಿನ ಜಾತಿಯ ಬಂಡೆ. ಭೂಕಂಪ ಹುಟ್ಟಿದ್ದು ಆ ಬಂಡೆಯ ಆಳದಲ್ಲಿ, ಕೆಲವು ಕಿಲೋಮೀಟರ್ ಕೆಳಗೆ. ಲಾವಾದ ಹೊದಿಕೆ ಆ ಹಳೇ ಸೀಳುಗಳನ್ನು ಮುಚ್ಚಿತ್ತು ಅಷ್ಟೇ. ಭಾರತವನ್ನು ಹೊತ್ತ ಭೂಫಲಕ ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಬಡಗಣಕ್ಕೆ ಒತ್ತುತ್ತಿದೆ. ಮುಂದೆ ಹಿಮಾಲಯ ತಡೆಯುತ್ತದೆ. ನಡುವೆ ಸಿಕ್ಕ ನಾವು ಹಿಂಡಿಸಿಕೊಳ್ಳುತ್ತೇವೆ. ಎಲ್ಲೋ ಒಂದು ಹಳೇ ಸೀಳು ತಡೆಯಲಾರದೆ ಜಾರುತ್ತದೆ.

ಕಿಲ್ಲಾರಿಯ ಪಶ್ಚಿಮಕ್ಕೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ನೆಲ ಒಂದು ಕಡೆ ಎದ್ದು ನಿಂತಿತ್ತು. ಎತ್ತರ ಒಂದು ಮೀಟರಿಗೂ ಕಡಿಮೆ. ಭೂಕಂಪ ಹೊರಪದರವನ್ನು ಬದಲಾಯಿಸುವ ಬಗೆಯೇ ಇದು, ಒಂದು ಸಲಕ್ಕೆ ಒಂದು ಗೇಣು, ಒಂದು ಮೊಳ. ಹಿಮಾಲಯದಲ್ಲಿ ಅದು ಮತ್ತೆ ಮತ್ತೆ ಆಗುತ್ತದೆ, ಮೊಳಕ್ಕೆ ಮೊಳ ಸೇರಿ ಶಿಖರವಾಗುತ್ತದೆ. ಇಲ್ಲಿ ಎರಡು ದೊಡ್ಡ ಕಂಪನಗಳ ನಡುವೆ ಸಾವಿರಾರು ವರ್ಷ ಹೋಗುತ್ತದೆ. ಅಷ್ಟರಲ್ಲಿ ಮಳೆ, ನೇಗಿಲು ಎಲ್ಲ ಸಮ ಮಾಡಿರುತ್ತವೆ. ನಾವು ಹೊಲದಲ್ಲಿ ಹುಡುಕಿದಾಗ ಗುರುತು ಹಿಡಿಯುವುದೇ ಕಷ್ಟವಾಯಿತು. ಜನಕ್ಕೆ ಇದು ಗಟ್ಟಿ ನೆಲ ಅನ್ನಿಸಲು ಅದೂ ಒಂದು ಕಾರಣ.

ಆಳಂದ ಮೇಲಿಂದ ರಾತ್ರಿ ಕಲಬುರಗಿಗೆ ಬಂದೆವು. ದಾರಿಯುದ್ದಕ್ಕೂ ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಮೂರನೆಯ ದಿನ: ಎಳ್ಳಮಾವಾಸ್ಯೆ, ಚಿಂಚೋಳಿ

ಎಳ್ಳಮಾವಾಸ್ಯೆ ದಿನ ನಮ್ಮ ಭಾಗದಲ್ಲಿ ಊರುಗಳು ಖಾಲಿ, ಹೊಲಗಳು ತುಂಬಿರುತ್ತವೆ. ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಹತ್ತಿರ ಪರಿಚಯದವರ ಹೊಲಕ್ಕೆ ಕರೆ ಇತ್ತು. ಭೂತಾಯಿಗೆ ಪೂಜೆ, ಹೊಲದ ಸುತ್ತ ಚರಗ ಚೆಲ್ಲುವುದು, ಆಮೇಲೆ ಗಿಡದ ಕೆಳಗೆ ಊಟ. ಸಜ್ಜೆ ರೊಟ್ಟಿ, ಜೋಳದ ಕಡುಬು, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಎಷ್ಟು ಬೇಡ ಎಂದರೂ ತಟ್ಟೆಗೆ ಬೀಳುತ್ತಲೇ ಇತ್ತು.

ಸುತ್ತಲೂ ತೊಗರಿ. ಕೆಲವು ಕಡೆ ಕೊಯ್ಲು ಶುರುವಾಗಿತ್ತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಆ ಬೇಳೆಯ ಹಿಂದೆ ಇರುವುದೂ ಲಾವಾನೇ. ಕರಿಕಲ್ಲು ಪುಡಿಯಾಗಿ ಆದ ಜಿಗುಟು ಎರೆಮಣ್ಣು ಮಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಆ ಬಿರುಕನ್ನು ಕಂಡು ಭೂಕಂಪದ್ದು ಅಂದುಕೊಂಡು ಹೆದರುವವರೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹೆದರಲು ಇಲ್ಲಿಯವರಿಗೆ ಕಾರಣ ಇದೆ. 2021ರ ಅಕ್ಟೋಬರಿನಲ್ಲಿ ಈ ಊರಲ್ಲಿ ನೆಲ ಮತ್ತೆ ಮತ್ತೆ ಅಲುಗಿತು. ಅದರಲ್ಲಿ ದೊಡ್ಡದು ನಾಲ್ಕರ ಆಸುಪಾಸು. ಊಟ ಬಡಿಸುತ್ತಿದ್ದ ಹಿರಿಯ ತಾಯಿಯೊಬ್ಬರನ್ನು ಆ ದಿನಗಳ ಬಗ್ಗೆ ಕೇಳಿದೆ.

"ಏನ್ ಹೇಳ್ಲಿ ತಮ್ಮಾ, ನೆಲದಾಗ ಢಂ ಅಂತ ಸಪ್ಪಳ ಆಗ್ತಿತ್ತು. ಹಿಂದೇ ಮನಿ ಅಲಗ್ತಿತ್ತು. ಹೊರಗ ಪಾಲ ಕಟ್ಟಿಕೊಂಡು ಮಲಗೀವಿ. ಮಂದಿ ಊರು ಬಿಟ್ಟು ಹೋದರು."

"ಈಗ ಅಂಜಿಕಿ ಹೋಯ್ತೇನ್ರೀ ಆಯಿ?"

"ಎಲ್ಲಿ ಹೋಗ್ತದ? ಲಾರಿ ಹೋದ್ರೂ ಎದ್ದು ಕೂಡ್ತೀನಿ."

ಅಳಿಯ ಅವರ ಪಕ್ಕ ಕೂತು ನಿಧಾನಕ್ಕೆ ಹೇಳಿದ. ಸಣ್ಣ ಕಂಪನ, ಆದರೆ ನೆಲಕ್ಕೆ ತೀರ ಹತ್ತಿರ ಹುಟ್ಟಿದರೆ, ಅದರ ಚುರುಕಾದ ಅಲೆಗಳು ಮೇಲೆ ಬಂದು ಗಾಳಿಯಲ್ಲಿ ಸಪ್ಪಳವಾಗಿ ಕೇಳುತ್ತವೆ. ದೂರದ ಆಳದ ಕಂಪನವಾದರೆ ದಾರಿಯಲ್ಲೇ ಆ ಅಲೆಗಳು ಅಡಗುತ್ತವೆ, ಅಲುಗಾಟ ಮಾತ್ರ ಉಳಿಯುತ್ತದೆ. ಮಳೆಗಾಲದ ಕೊನೆಗೇ ಹೀಗೆ ಜಾಸ್ತಿ ಆಗುವುದಕ್ಕೂ ಒಂದು ವಿವರಣೆ ಇದೆ. ಇಲ್ಲಿ ಕೆಳಗೆ ಸುಣ್ಣಕಲ್ಲು. ಅದರ ಸಂದಿಗಳಲ್ಲಿ ಮಳೆನೀರು ಇಳಿಯುತ್ತದೆ. ಮೊದಲೇ ಒತ್ತಡದಲ್ಲಿರುವ ಬಿರುಕಿನೊಳಗೆ ನೀರಿನ ಒತ್ತಡ ಸೇರಿದರೆ ಎರಡು ಬದಿಯ ಹಿಡಿತ ಸಡಿಲವಾಗಿ ಕಲ್ಲು ಸ್ವಲ್ಪ ಜರುಗುತ್ತದೆ. ಆಯಿ ಎಲ್ಲ ಕೇಳಿಸಿಕೊಂಡು, "ಅಂದ್ರ ನಮ್ಮ ಭೂಮಿ ಸೊಲ್ಪ ಸರದು ಕೂಡ್ತದ ಅನ್ನು" ಎಂದರು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ತರಗತಿಯಲ್ಲಿ ಇನ್ನು ಇದೇ ಮಾತು ಬಳಸುತ್ತೇನೆ.

ನಾಲ್ಕನೆಯ ದಿನ: ಮಳಖೇಡ, ಸೇಡಂ, ಗುರುಮಠಕಲ್

ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳಿದ ಊರು. ಕೋಟೆಯೊಳಗೆ ಹಾಗೇ ಒಂದು ಸುತ್ತು ಹಾಕಿ ನದಿಗೆ ಇಳಿದೆವು. ಇಲ್ಲಿ ಕರಿಕಲ್ಲಿನ ಹೊದಿಕೆ ತೆಳು. ನದಿ ಅದನ್ನು ಕೊರೆದು ಕೆಳಗಿನದನ್ನು ಬಯಲು ಮಾಡಿದೆ. ತೆಳು ತೆಳು ಹಲಗೆಗಳು ಒಂದರ ಮೇಲೊಂದು, ಹೆಚ್ಚೂಕಮ್ಮಿ ನೀರಿನ ಮಟ್ಟಕ್ಕೆ ಸಮ. ಇದೇ ಶಹಾಬಾದ್ ಪರಸಿ. ನಮ್ಮ ಮನೆ, ಶಾಲೆ, ಗುಡಿ, ಬಸ್‌ಸ್ಟ್ಯಾಂಡ್ ಎಲ್ಲದರ ನೆಲಕ್ಕೆ ಹಾಸಿದ್ದು ಇದನ್ನೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದರಿಂದಲೇ.

ಅಳಿಯ ಸಣ್ಣ ಬಾಟಲಿಯಿಂದ ತೆಳು ಆಸಿಡ್ ಒಂದು ಹನಿ ಬಿಟ್ಟ. ಸುಂಯ್ ಅಂತ ಬಿಳಿ ನೊರೆ ಎದ್ದು, ಆರಿದ ಮೇಲೆ ಅಷ್ಟು ಜಾಗ ನುಣುಪಾಗಿತ್ತು. ಮೀನಿನ ಸುಳಿವೂ ಇಲ್ಲದ ಕಾಲದ ಸಮುದ್ರದ ತಳ ಇದು. ಮೇಲೆ ಬಂದ ಲಾವಾಕ್ಕಿಂತ ಎಷ್ಟೋ ಪಟ್ಟು ಹಳೆಯದು. ಆ ಸಮುದ್ರ ಇಲ್ಲಿಗೆ ಬರಲು ನೆಲ ತಗ್ಗಬೇಕಾಯಿತು, ಹೋಗಲು ಮತ್ತೆ ಏಳಬೇಕಾಯಿತು.

ಗುರುಮಠಕಲ್ ಸುತ್ತ ಲಾವಾ ಪದರಗಳ ನಡುವೆ ಕೆರೆಯ ಕೆಸರಿನ ಪಳೆಯುಳಿಕೆಗಳಿವೆ ಎಂಬುದು ಭೂವಿಜ್ಞಾನ ಓದುವವರಿಗೆ ಗೊತ್ತು. ಸಂಜೆಯ ಬೆಳಕಿನಲ್ಲಿ ಬದುವಿನ ಕಲ್ಲುಗಳನ್ನು ಒಂದೊಂದಾಗಿ ತಿರುವಿ ನೋಡಿದೆವು. ಕೊನೆಗೆ ಒಂದು ಬೂದು ಬಣ್ಣದ ಕಲ್ಲಿನಲ್ಲಿ ಕಿರುಬೆರಳ ಉಗುರಿಗಿಂತ ಸಣ್ಣ ಸುರುಳಿ. ಸಿಹಿನೀರಿನ ಬಸವನಹುಳು. ಎರಡು ಲಾವಾಗಳ ನಡುವೆ ಇಲ್ಲಿ ಕೆರೆ ಆಗಿ, ನೀರು ನಿಂತು, ಹುಳು ಹುಟ್ಟಿ ಬೆಳೆಯುವಷ್ಟು ಬಿಡುವು ಇತ್ತು. ಅದೇ ಸುಮಾರಿಗೆ ಡೈನೋಸಾರ್‌ಗಳು ಅಳಿದವು. ಮೆಕ್ಸಿಕೊದಲ್ಲಿ ಬಿದ್ದ ಆಕಾಶಕಲ್ಲು ದೊಡ್ಡ ಕಾರಣ, ದಖನ್ನಿನ ಲಾವಾ ಉಗುಳಿದ ಅನಿಲಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಕಲ್ಲನ್ನು ಫೋಟೊ ತೆಗೆದು ಅಲ್ಲೇ ಇಟ್ಟು ಬಂದೆವು.

ಐದನೆಯ ದಿನ: ಯಾದಗಿರಿ, ಗೋಗಿ

ಯಾದಗಿರಿಯ ಕೋಟೆ ಊರ ನಡುವೆಯೇ ಇದೆ. ಬಿಸಿಲೇರುವ ಮೊದಲೇ ಹತ್ತಿದೆವು. ಮೆಟ್ಟಿಲು, ಬಾಗಿಲು, ಬುರುಜು ಎಲ್ಲದರ ಅಡಿಗೂ ಗ್ರಾನೈಟ್ ಬಂಡೆ. ಸುಮಾರು 250 ಕೋಟಿ ವರ್ಷ ಹಳೆಯದು. ಗುಲಾಬಿ ಬಣ್ಣದ ಹರಳು, ಅದರ ನಡುವೆ ಗಾಜಿನಂಥ ಬೂದು, ಅಲ್ಲಲ್ಲಿ ಕಪ್ಪು ಚುಕ್ಕಿ. ಹರಳುಗಳು ಇಷ್ಟು ದಪ್ಪ ಬೆಳೆಯಲು ಬಿಸಿ ಕಲ್ಲು ಬಹಳ ನಿಧಾನಕ್ಕೆ ಆರಬೇಕು. ಅಂದರೆ ಇದು ಆರಿದ್ದು ಕಿಲೋಮೀಟರುಗಟ್ಟಲೆ ಆಳದಲ್ಲಿ. ಮೇಲಿದ್ದ ಅಷ್ಟೂ ಭಾರ ಸವೆದು ಹೋದ ಮೇಲೆ ಇದು ಹೊರಗೆ ಕಂಡಿದೆ. ಬಂಡೆಯ ಮೇಲೆ ಅಂಗೈ ಊರಿ ನಿಂತಾಗ ಕಿಲ್ಲಾರಿಯ ಬೋರಿನ ನೆನಪಾಯಿತು. ಅಲ್ಲಿ ಸುಮಾರು ಮುನ್ನೂರೈವತ್ತು ಮೀಟರ್ ಕೆಳಗೆ ಸಿಕ್ಕಿದ್ದು ಇದೇ ಹಳೇ ನೆಲದ ಬಂಡೆ. ಆ ರಾತ್ರಿ ಜಾರಿದ್ದು ಇದು.

ಶಹಾಪುರದ ದಾರಿಯಲ್ಲಿ ಬುದ್ಧ ಮಲಗಿದ ಬೆಟ್ಟವನ್ನು ರಸ್ತೆಯಿಂದಲೇ ನೋಡಿದೆವು. ಅದೂ ಗ್ರಾನೈಟೇ. ಒಂದು ಕಡೆ ಗುಲಾಬಿ ಬಂಡೆಯ ನಡುವೆ ಕಪ್ಪು ಗುಂಡುಗಳ ನೇರ ಸಾಲು ಹೊಲ ದಾಟಿ ಹೋಗಿತ್ತು. ಅಳಿಯ ಗಾಡಿ ನಿಲ್ಲಿಸೆಂದು ಕೂಗಿದ. ಬಂಡೆ ಬಿರಿದಾಗ ಆ ಬಿರುಕಿನಲ್ಲಿ ಕೆಳಗಿನಿಂದ ಶಿಲಾರಸ ಏರಿ ಅಲ್ಲೇ ಹೆಪ್ಪುಗಟ್ಟಿದ ಗೋಡೆ ಅದು. ಈ ಭಾಗದ ಇಂಥ ಅನೇಕ ಗೋಡೆಗಳು ಇನ್ನೂರು ಕೋಟಿ ವರ್ಷಕ್ಕೂ ಹಿಂದಿನವು. ದಖನ್ನಿನ ಲಾವಾ ಈ ನೆಲದ ಮೊದಲ ಬೆಂಕಿ ಅಲ್ಲವೇ ಅಲ್ಲ.

ಗೋಗಿ ಸೂಫಿ ಸಂತರ ದರ್ಗಾ ಇರುವ ಊರು. ಆದಿಲ್‌ಶಾಹಿಯ ಮೊದಲ ದೊರೆಗಳ ಗೋರಿಗಳೂ ಇಲ್ಲಿವೆ. ಭೂವಿಜ್ಞಾನದವರಿಗೆ ಇದು ಬೇರೆ ಕಾರಣಕ್ಕೆ ಗೊತ್ತು. ಇಲ್ಲಿ ಪೂರ್ವ ಪಶ್ಚಿಮವಾಗಿ ಒಂದು ದೊಡ್ಡ ಸ್ತರಭಂಗ, ಅಂದರೆ ಕಲ್ಲು ಸೀಳಿ ಜರುಗಿದ ಗೆರೆ, ಹಾದುಹೋಗುತ್ತದೆ. ಒಂದು ಕಡೆ ಗ್ರಾನೈಟ್, ಇನ್ನೊಂದು ಕಡೆ ಸುಣ್ಣಕಲ್ಲು. ನಡುವೆ ಪುಡಿಯಾದ ಕಲ್ಲಿನ ಪಟ್ಟಿ. ಆ ಪುಡಿಯ ಸಂದಿಗಳಲ್ಲಿ ಹರಿದ ನೀರು ಯುರೇನಿಯಂ ಬಿಟ್ಟುಹೋಗಿದೆ. ಪರಮಾಣು ಖನಿಜ ನಿರ್ದೇಶನಾಲಯದವರು ಅದನ್ನು ಪತ್ತೆ ಮಾಡಿದರು. ಗಣಿಗಾರಿಕೆ ಬೇಡ ಅನ್ನುವ ಊರವರ ಆತಂಕವೂ ಸುಳ್ಳಲ್ಲ.

ಮಳಖೇಡದಲ್ಲಿ ಸಮನಾಗಿ ಮಲಗಿದ್ದ ಪರಸಿ ಇಲ್ಲಿ ಎದ್ದು ನಿಂತಿತ್ತು. ಹಲಗೆಗಳು ಓರೆಯಾಗಿ ನೆಲದೊಳಗೆ ಹೊಕ್ಕಿವೆ. ಕೆಲವು ನೆಟ್ಟಗೆ ನಿಲ್ಲುವುದಷ್ಟೇ ಬಾಕಿ. ಇನ್ನೂ ಮುಂದೆ ಕಲ್ಲು ಚೂರುಚೂರಾಗಿ, ಚೂರುಗಳ ನಡುವೆ ಬಿಳಿ ಹರಳು ಬೆಳೆದು ಮತ್ತೆ ಗಟ್ಟಿಯಾಗಿದೆ. ಒಂದು ಚೂರಿನ ಅಂಚನ್ನು ಬೆರಳಿನಿಂದ ಸವರಿದೆ. ಇನ್ನೂ ಚೂಪಾಗಿತ್ತು. ಒಂದೇ ಕಂಪನಕ್ಕೆ ಇಷ್ಟು ಆಗುವುದಿಲ್ಲ. ಅದೆಷ್ಟು ಸಲ ಈ ಸೀಳು ಜರುಗಿತೋ.

ನಮ್ಮನ್ನು ನೋಡುತ್ತಾ ನಿಂತಿದ್ದ ಕುರಿಗಾರರೊಬ್ಬರು ಹತ್ತಿರ ಬಂದರು. ವಿಷಯ ತಿಳಿದ ಮೇಲೆ ಅವರು ಕೇಳಿದ್ದು ಒಂದೇ: "ಅಂದ್ರ ಇಲ್ಲಿ ಮತ್ತ ಭೂಕಂಪ ಆಗ್ತದೇನ್ರಿ?"

"ದಿನ, ತಿಥಿ ಯಾರಿಗೂ ಹೇಳಾಕ ಬರಂಗಿಲ್ರಿ ಅಣ್ಣಾರ" ಎಂದ ಅಳಿಯ. "ಮನಿ ಗಟ್ಟಿ ಇದ್ರ ಸಾಕು."

ಸಂಕ್ರಾಂತಿ ಆದ ಮೇಲೆ ಅವರು ಮನೆ ಕಟ್ಟಿಸುವವರಿದ್ದರು. ಅಡಿಪಾಯದ ಕಲ್ಲು ಬಂದು ಬಿದ್ದಿತ್ತಂತೆ. ಅಳಿಯ ನೋಟ್‌ಬುಕ್ಕಿನ ಹಾಳೆ ಹರಿದು ಬಂಡೆಯ ಮೇಲಿಟ್ಟು ಬರೆದ. ಅಡಿಪಾಯದ ಮೇಲೆ ಒಂದು ಕಾಂಕ್ರೀಟ್ ಪಟ್ಟಿ. ಬಾಗಿಲು ಕಿಟಕಿಯ ಲಿಂಟಲ್ ಮಟ್ಟಕ್ಕೆ ಇನ್ನೊಂದು, ಎಲ್ಲೂ ತುಂಡಾಗದೆ ಮನೆ ಸುತ್ತ. ಮೂಲೆಯಲ್ಲಿ ರಾಡು ಬಗ್ಗಿಸಿ ಎರಡೂ ಗೋಡೆಗೆ ಹಿಡಿಸಬೇಕು. ಕಲ್ಲಿನ ಗೋಡೆಯಾದರೆ ಅಲ್ಲಲ್ಲಿ ಎರಡೂ ಮುಖ ಮುಟ್ಟುವ ಉದ್ದನೆಯ ಕಲ್ಲು ಬೇಕೇ ಬೇಕು. ನಾನು ಕಿಲ್ಲಾರಿಯಲ್ಲಿ ತೆಗೆದ ಬಿದ್ದ ಗೋಡೆಯ ಫೋಟೊ ತೋರಿಸಿದೆ. ಅವರು ಮೊಬೈಲನ್ನು ನೆರಳಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ರಾಡು ಎಷ್ಟು ಎಂ.ಎಂ. ಹಾಕಬೇಕ್ರಿ?"

"ಎಂಟಕ್ಕಿಂತ ಕಡಿಮಿ ಬ್ಯಾಡ್ರಿ. ಒಮ್ಮಿ ಇಂಜಿನಿಯರ್‌ಗೂ ತೋರಸ್ರಿ."

ಕುರಿಗಳು ದೂರ ಹೋಗಿದ್ದವು. ಮಗನನ್ನು ಅವುಗಳ ಹಿಂದೆ ಕಳಿಸಿ, ಅವರು ಅಲ್ಲೇ ನಿಂತು ಗೌಂಡಿಗೆ ಫೋನ್ ಹಚ್ಚಿ ಹಾಳೆಯಲ್ಲಿದ್ದದ್ದನ್ನು ಒಂದೊಂದಾಗಿ ಹೇಳತೊಡಗಿದರು.